‘ಟ್ರ್ಯಾಕ್ಟರ್ ತಾಗಿತು’ ಎಂದಿದ್ದೆ

ಎಡಗಾಲಿನ ಚಪ್ಪಲಿ ಕಳಚಿ ಬಿದ್ದದ್ದು ನನಗೆ ಗೊತ್ತಾಗಲಿಲ್ಲ.

ಬೈಲಹೊಂಗಲದ ಪೇಟೆಯಲ್ಲಿ ಸಂತೆ ಮುಗಿಸಿಕೊಂಡು ಬರುತ್ತಿದ್ದೆವು. ಪಕ್ಕದಲ್ಲಿದ್ದ ಹೆಂಡತಿ ಸುವರ್ಣಾ ತಟ್ಟನೆ ನಿಂತು ನನ್ನ ಕಾಲು ನೋಡಿದಳು. “ಇನ್ನೊಂದು ಚಪ್ಲಿ ಎಲ್ಲೈತ್ರಿ?” ಎಂದಳು. ತಿರುಗಿ ನೋಡಿದರೆ ಅದು ಹಲವು ಅಂಗಡಿಗಳಾಚೆ, ಬಾಳೆಹಣ್ಣಿನ ಗಾಡಿಯ ಮುಂದೆ ಬಿದ್ದಿತ್ತು. ಅಷ್ಟು ದೂರ ಬರಿಗಾಲಲ್ಲಿ ನಡೆದಿದ್ದೆ. ಮಧ್ಯಾಹ್ನದ ಡಾಂಬರು ರಸ್ತೆ. ಕಾಲಿಗೆ ಬಿಸಿ ತಟ್ಟಿರಲಿಲ್ಲ.

ನಾನು ನಕ್ಕೆ. ಅವಳು ನಗಲಿಲ್ಲ.

ಅದಕ್ಕೂ ಕೆಲವು ದಿನ ಮೊದಲೇ ಬೆಳಗಿನ ಹೊತ್ತು ತಲೆ ಭಾರವಾಗುತ್ತಿತ್ತು. ಅಂಗಿಯ ಗುಂಡಿ ಹಾಕಲು ಎಡಗೈ ಸತಾಯಿಸುತ್ತಿತ್ತು. ಕಾಲೇಜಿನಲ್ಲಿ ನಾನು ತರ್ಕಶಾಸ್ತ್ರ ಕಲಿಸುತ್ತೇನೆ. ಬೋರ್ಡಿನ ಮೇಲೆ ಬರೆದ ಸಾಲು ಬಲಕ್ಕೆ ಹೋಗುತ್ತಾ ಕೆಳಕ್ಕೆ ಜಾರಿದೆ ಎಂದು ಹುಡುಗಿಯರು ಮುಸಿಮುಸಿ ನಕ್ಕಿದ್ದರು. ಇವೆಲ್ಲಕ್ಕೂ ನನ್ನ ಬಳಿ ಒಂದೊಂದು ಕಾರಣವಿತ್ತು. ನಿದ್ದೆ ಕಡಿಮೆ. ಕನ್ನಡಕ ಹಳೆಯದು. ವಯಸ್ಸು. ಕಾರಣ ಹುಡುಕುವುದೇ ನನ್ನ ಕಸುಬು, ಹಾಗಾಗಿ ಕಾರಣಗಳಿಗೆ ಬರವಿರಲಿಲ್ಲ.

ಚಪ್ಪಲಿಗೆ ಮಾತ್ರ ಕಾರಣ ಹೊಳೆಯಲಿಲ್ಲ.

ಮರುದಿನ ಬೆಳಗಾವಿಯ ಆಸ್ಪತ್ರೆಯಲ್ಲಿ ಸಿ.ಟಿ. ಸ್ಕ್ಯಾನ್ ಆಯಿತು. ನ್ಯೂರೋಸರ್ಜನ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಪರದೆಯ ಮೇಲೆ ನನ್ನ ಮೆದುಳನ್ನು ತೋರಿಸಿದರು. ಬಲಗಡೆ ಬುರುಡೆಗೂ ಮೆದುಳಿಗೂ ನಡುವೆ ಅರ್ಧಚಂದ್ರದ ಹಾಗೊಂದು ಬೂದು ಪಟ್ಟಿ. ಕ್ರಾನಿಕ್ ಸಬ್‌ಡ್ಯೂರಲ್ ಹೆಮಟೋಮಾ. ಯಾವಾಗಲೋ ಬಿದ್ದ ಪೆಟ್ಟಿಗೆ ಸಣ್ಣಗೆ ರಕ್ತ ಒಸರಿ, ವಾರಗಟ್ಟಲೆ ಸೇರುತ್ತಾ ಹೋಗಿ, ಈಗ ಮೆದುಳನ್ನು ಒತ್ತುತ್ತಿದೆ ಎಂದರು. ಹೃದಯಕ್ಕೆಂದು ನಾನು ನುಂಗುವ ರಕ್ತ ತೆಳುವಾಗಿಸುವ ಮಾತ್ರೆಯೂ ಅದಕ್ಕೆ ಸಹಾಯ ಮಾಡಿರಬಹುದು.

“ಇತ್ತೀಚೆಗೆ ತಲೆಗೆ ಪೆಟ್ಟಾಗಿತ್ತಾ ಸರ್?”

“ಇಲ್ಲ” ಎಂದೆ.

ಸುವರ್ಣಾ ನನ್ನ ಮುಖ ನೋಡಿದಳು. “ಆಗಿತ್ರಿ ಡಾಕ್ಟರ್. ಸೈಕಲ್ ಮ್ಯಾಲಿಂದ ಬಿದ್ದಿದ್ರು. ಟ್ರ್ಯಾಕ್ಟರ್ ತಾಗಿತ್ತು.”

ಹೌದಲ್ಲ ಎನಿಸಿತು. ನಾನು ಸುಳ್ಳು ಹೇಳಿರಲಿಲ್ಲ. ಮರೆತಿದ್ದೆ. ಅಥವಾ ಮರೆತಿದ್ದೇನೆ ಎಂದು ಈಗ ಅಂದುಕೊಂಡಿದ್ದೇನೆ. ಈ ಬರಹದುದ್ದಕ್ಕೂ ಈ ತೊಡಕು ಇರುತ್ತದೆ, ಓದುವವರು ಸಹಿಸಿಕೊಳ್ಳಬೇಕು. ನೆನಪನ್ನು ಸುಲಭಕ್ಕೆ ನಂಬಬಾರದು ಎಂದು ಧಾರವಾಡದಲ್ಲಿ ಎಂ.ಎ. ಓದುವಾಗ ಕಲಿತೆ, ಮುಂದೆ ವಿದ್ಯಾರ್ಥಿಗಳಿಗೂ ಕಲಿಸಿದೆ. ಆ ಪಾಠ ನನ್ನ ತಲೆಯ ಮೇಲೇ ಪ್ರಯೋಗವಾಗುತ್ತದೆ ಎಂದುಕೊಂಡಿರಲಿಲ್ಲ.

ಬಿದ್ದ ದಿನದ ಬಗ್ಗೆ ನನ್ನಲ್ಲಿ ಉಳಿದಿರುವುದು ಇಷ್ಟು. ಕಬ್ಬು ಕಡಿಯುವ ಹಂಗಾಮು. ಸಂಜೆ ಕಾಲೇಜಿನ ಗೇಟು ದಾಟಿದ್ದು ನೆನಪಿದೆ. ಗೇಟಿನಿಂದ ಮನೆಗೆ ಬರುವ ದಾರಿಯಲ್ಲಿ ಒಂದು ಉದ್ದನೆಯ ಏರು ಸಿಗುತ್ತದೆ. ಆ ಏರು ನೆನಪಿಲ್ಲ. ಮುಂದೆ ಕಾಣುವುದು ಒಂದು ಮುಖ. ಕುರುಚಲು ಗಡ್ಡ, ತಲೆಗೆ ಟವೆಲ್. ಆತ ನನ್ನ ಬಾಯಿಗೆ ನೀರಿನ ಬಾಟಲಿ ಹಿಡಿದು, “ಸರ, ಎಲ್ಲಿ ಹತ್ತೇತ್ರಿ? ಮಾತಾಡ್ರಿ” ಎನ್ನುತ್ತಿದ್ದ. ಅವನೇ ಯಲ್ಲಪ್ಪ, ಕಬ್ಬಿನ ಟ್ರ್ಯಾಕ್ಟರಿನ ಡ್ರೈವರು, ರಾಮದುರ್ಗದ ಕಡೆಯವನು. ಹಿಂದಿನಿಂದ ಯಾರೋ ಕೂಗಿದ್ದು ಕೇಳಿ, ಎರಡು ಟ್ರೇಲರಿನ ಗಾಡಿಯನ್ನು ಏರಿನ ನೆತ್ತಿಯಲ್ಲಿ ನಿಲ್ಲಿಸಿ ಓಡಿ ಬಂದಿದ್ದ. ನನ್ನ ಸೈಕಲನ್ನು ಕಬ್ಬಿನ ಹೇರಿನ ಮೇಲೆ ಎಸೆದು, ನನ್ನನ್ನು ತನ್ನ ಪಕ್ಕದ ಮಡ್‌ಗಾರ್ಡ್ ಮೇಲೆ ಕೂರಿಸಿಕೊಂಡು ಮನೆಯವರೆಗೆ ಬಿಟ್ಟ.

ಬಾಗಿಲಲ್ಲಿ ಸುವರ್ಣಾ ಕೇಳಿದಳು, “ಏನಾತ್ರಿ?”

“ಟ್ರ್ಯಾಕ್ಟರ್ ತಾಗ್ತು” ಎಂದೆ.

ಈ ಮಾತು ಆಡಿದ್ದು ಚೆನ್ನಾಗಿ ನೆನಪಿದೆ. ತಾಗಿದ್ದು ನೆನಪಿಲ್ಲ. ಪಕ್ಕದಲ್ಲೇ ನಿಂತಿದ್ದ ಯಲ್ಲಪ್ಪ ಅಲ್ಲಗಳೆಯಲಿಲ್ಲ. ಒಮ್ಮೆ ಟ್ರೇಲರಿನ ಕಡೆ ನೋಡಿದ, ಒಮ್ಮೆ ನನ್ನ ಕಡೆ ನೋಡಿದ, ಆಮೇಲೆ ಸುವರ್ಣಾಗೆ ಕೈಮುಗಿದು, “ತಪ್ಪಾತ್ರಿ ಅಕ್ಕಾರ, ಹಿಂದಿಂದು ಕಾಣಂಗಿಲ್ರಿ” ಎಂದ. ಮೊಣಕೈ ತರಚಿತ್ತು, ಬಲಗಡೆ ತಲೆ ಸ್ವಲ್ಪ ಊದಿತ್ತು. ಓಣಿಯ ಡಾಕ್ಟರು ಟಿಟಿ ಇಂಜೆಕ್ಷನ್ ಕೊಟ್ಟರು. ಮರುದಿನ ಕಾಲೇಜಿಗೂ ಹೋದೆ. ಅಲ್ಲಿಗೆ ಆ ಸಂಗತಿ ಮುಗಿದಿತ್ತು.

ಆಪರೇಷನ್ನಿನ ಹೆಸರು ಬರ್ ಹೋಲ್. ಬುರುಡೆಗೆ ಎರಡು ತೂತು ಕೊರೆದು ಹಳೆಯ ರಕ್ತ ಹೊರಗೆ ತೆಗೆಯುವುದು. ಎಚ್ಚರವಾದಾಗ ಐಸಿಯುದಲ್ಲಿದ್ದೆ. ತಲೆಯಿಂದ ಒಂದು ನಳಿಕೆ ಇಳಿದು ಮಂಚದ ಪಕ್ಕದ ಚೀಲಕ್ಕೆ ಹೋಗಿತ್ತು. ಅದರಲ್ಲಿ ಡಿಕಾಕ್ಷನ್ ಬಣ್ಣದ ನೀರು. ಡ್ರೇನ್ ಇರುವಷ್ಟು ಹೊತ್ತು ತಲೆ ಎತ್ತುವ ಹಾಗಿಲ್ಲ. ಅಂಗಾತ ಮಲಗಿದ ಮನುಷ್ಯನಿಗೆ ಛಾವಣಿ ಬಿಟ್ಟರೆ ಬೇರೆ ಜಗತ್ತಿಲ್ಲ. ನಾನು ಛಾವಣಿ ನೋಡುತ್ತಾ ಎಡಗೈ ಬೆರಳುಗಳನ್ನು ಒಂದೊಂದಾಗಿ ಮಡಚಿದೆ. ಮಡಚಿದವು. ಅಳು ಬಂತು. ನರ್ಸ್ ಗದರಿದಳು, ಅತ್ತರೆ ಪ್ರೆಷರ್ ಏರುತ್ತದೆಯಂತೆ.

ಸುವರ್ಣಾ ಸವದತ್ತಿ ರಸ್ತೆಯ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಟೀಚರು. ರಜೆ ಹಾಕಿ ಐಸಿಯುದ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಒಳಗೆ ಬಿಟ್ಟಾಗ ಮೊದಲು ನನ್ನ ತಲೆಯ ಪಟ್ಟಿ ನೋಡಿದಳು. ಹೆಲ್ಮೆಟ್ಟಿನ ವಿಷಯದಲ್ಲಿ ನಮಗೆ ಹಳೆಯ ಜಗಳ. ಅವಳೇ ಕೊಂಡು ತಂದಿದ್ದಳು. ಸೈಕಲ್ಲಿಗೆ ಹೆಲ್ಮೆಟ್ ಹಾಕಿದರೆ ಉಪಯೋಗವಿದೆ ಎನ್ನಲು ಗಟ್ಟಿ ಪುರಾವೆ ಬೇಕು ಎಂದು ನಾನು ವಾದಿಸಿದ್ದೆ. ಅದು ಅಟ್ಟದ ಮೇಲೆ ಹಪ್ಪಳದ ಡಬ್ಬಿಯ ಪಕ್ಕ ಇತ್ತು.

“ಪುರಾವಿ ಬೇಕಂದಿದ್ರಲ್ಲ” ಎಂದಳು ಮೆಲ್ಲಗೆ. “ಎರಡು ಸಿಕ್ಕಾವ ನೋಡ್ರಿ, ಮ್ಯಾಲೊಂದು ಕೆಳಗೊಂದು.”

ನನಗೆ ನಗು ಬಂತು. ನಕ್ಕರೂ ಪ್ರೆಷರ್ ಏರುತ್ತದೋ ಏನೋ ಎಂದು ತಡೆದುಕೊಂಡೆ.

ತಮ್ಮ ಮಲ್ಲೇಶಿ ಕಿತ್ತೂರಿನಲ್ಲಿ ಹೈವೇ ಪಕ್ಕ ಟಾಯರ್ ಅಂಗಡಿ ಇಟ್ಟಿದ್ದಾನೆ. ಅಪಘಾತದ ಗಾಯ ಎಂದು ಗೊತ್ತಾದ ಮೇಲೆ ಆಸ್ಪತ್ರೆಯವರು ಎಂಎಲ್‌ಸಿ ಮಾಡಿದ್ದರು, ಅಂದರೆ ಪೊಲೀಸರಿಗೆ ತಿಳಿಸಿದ್ದರು. ನಾನು ಒಳಗೆ ಛಾವಣಿ ನೋಡುತ್ತಿದ್ದಾಗ ಮಲ್ಲೇಶಿ ದೂರು ಬರೆಸಿ ಬಂದಿದ್ದ. ಅತಿ ವೇಗ, ನಿಷ್ಕಾಳಜಿ, ಹಿಂದಿನಿಂದ ಡಿಕ್ಕಿ. ಯಲ್ಲಪ್ಪನನ್ನು ಹುಡುಕುವುದು ಕಷ್ಟವಾಗಲಿಲ್ಲ. ನನ್ನನ್ನು ಮನೆಗೆ ಬಿಟ್ಟದ್ದನ್ನು ಓಣಿಯೆಲ್ಲ ನೋಡಿತ್ತು. ವಾರ್ಡಿಗೆ ಬಂದ ಮೇಲೆ ಮಲ್ಲೇಶಿ ಇದನ್ನೆಲ್ಲ ಹೇಳಿದ.

“ಅಂವನs ಹೊಡದಿಲ್ಲಂದ್ರ ಮನಿತನಾ ಯಾಕ ಬಿಡಾಕ ಬರ್ತಿದ್ದ ಅಣ್ಣಾ? ಇಲ್ಲಿ ಯಾರು ಯಾರನ್ನ ಎತ್ತತಾರ?”

ಈ ವಾದದಲ್ಲಿ ದೋಷವಿದೆ. ನನ್ನ ತರಗತಿಯಲ್ಲಿ ಯಾವ ವಿದ್ಯಾರ್ಥಿಯಾದರೂ ಹೀಗೆ ಬರೆದರೆ ಕೆಂಪು ಮಸಿಯಲ್ಲಿ ಗೆರೆ ಎಳೆಯುತ್ತೇನೆ. ತಮ್ಮನೆದುರು ಎಳೆಯಲಿಲ್ಲ. ಟ್ರ್ಯಾಕ್ಟರು ಠಾಣೆಯ ಅಂಗಳದಲ್ಲಿ ನಿಂತಿತ್ತು. ಹಂಗಾಮಿನ ನಡುವೆ ಗಾಡಿ ನಿಂತರೆ ಯಾವ ಮಾಲೀಕ ಸುಮ್ಮನಿರುತ್ತಾನೆ? ಯಲ್ಲಪ್ಪನನ್ನು ಕೆಲಸದಿಂದ ಬಿಡಿಸಿ ಊರಿಗೆ ಕಳಿಸಿದ್ದ. ಅವನ ಲೈಸೆನ್ಸೂ ಹೋಗಬಹುದು ಎಂದು ಮಲ್ಲೇಶಿ ಸಮಾಧಾನದಿಂದ ಹೇಳಿದ. ನನ್ನ ಹೇಳಿಕೆಯೊಂದು ಬಾಕಿ ಇತ್ತು.

“ನೀ ಏನೂ ತಲಿ ಕೆಡಿಸ್ಕೋಬ್ಯಾಡ. ಆದದ್ದು ಹೇಳಿಬಿಡು, ಆತು.”

ಆದದ್ದು.

ಮನೆಗೆ ಬಂದ ಮೇಲೆ ಆದದ್ದನ್ನು ಹುಡುಕಲು ಕೂತೆ. ಕಣ್ಣು ಮುಚ್ಚಿದರೆ ದೃಶ್ಯ ಸ್ಪಷ್ಟವಾಗಿ ಬರುತ್ತಿತ್ತು. ಏರು, ಸಂಜೆ ಬೆಳಕು, ಹಿಂದಿನಿಂದ ಬರುವ ಟ್ರ್ಯಾಕ್ಟರು, ಟೇಪಿನ ಹಾಡು, ಹಾರ್ನ್. ದೊಡ್ಡ ಗಾಲಿ ಸೈಕಲ್ಲಿನ ಹಿಂದಿನ ಚಕ್ರಕ್ಕೆ ತಾಗುತ್ತದೆ, ನಾನು ಬೀಳುತ್ತೇನೆ. ಪಕ್ಕಾ ನೆನಪು ಎಂದುಕೊಂಡೆ. ಹೇಳಿಕೆ ಕೊಡಲು ಇಷ್ಟು ಸಾಕು.

ಆದರೆ ಆ ದೃಶ್ಯದಲ್ಲಿ ನನಗೆ ನನ್ನ ಬೆನ್ನು ಕಾಣುತ್ತಿತ್ತು.

ಸೈಕಲ್ ತುಳಿಯುವವನಿಗೆ ತನ್ನ ಬೆನ್ನು ಹೇಗೆ ಕಾಣುತ್ತದೆ? ಅದು ನಾನು ನೋಡಿದ್ದಲ್ಲ. ಮಲ್ಲೇಶಿ ಹೇಳಿದ್ದಕ್ಕೆ, ಅದಕ್ಕೂ ಮೊದಲು ನಾನೇ ಹೇಳಿದ್ದಕ್ಕೆ, ನನ್ನ ಮೆದುಳು ಬರೆದುಕೊಂಡ ಚಿತ್ರ. ಫಾಲೋಅಪ್‌ಗೆ ಹೋದಾಗ ಡಾಕ್ಟರನ್ನು ಕೇಳಿದೆ. ತಲೆಗೆ ಪೆಟ್ಟಾದ ಹೊತ್ತಿನ ನೆನಪು ಎಷ್ಟೋ ಜನರಿಗೆ ಮರಳುವುದೇ ಇಲ್ಲ ಎಂದರು. “ಅದನ್ನ ಹುಡುಕ್ತಾ ಕೂರಬೇಡಿ ಸರ್. ಫಿಜಿಯೊಥೆರಪಿ ಬಿಡದೆ ಮಾಡಿ.”

ಎಡಗೈಯಲ್ಲಿ ಸ್ಪಂಜಿನ ಚೆಂಡು ಹಿಚುಕುತ್ತಾ ಕೂತಿದ್ದಾಗ ಒಂದು ದಿನ ಸುವರ್ಣಾಳನ್ನು ಕೇಳಿದೆ, ಬಿದ್ದ ದಿನ ನಿನಗೆ ಬೇರೇನಾದರೂ ಕಂಡಿತ್ತೇ ಎಂದು. ಅವಳು ಜೋಳದ ಹಿಟ್ಟು ನಾದುತ್ತಿದ್ದಳು. ಹಿಟ್ಟಿಗೆ ಇನ್ನಷ್ಟು ನೀರು ಚಿಮುಕಿಸಿದಳು.

“ನಿಮ್ಮ ಬಲಗೈ ನೋಡಿದ್ದೆ” ಎಂದಳು. “ಅಂಗೈ ತುಂಬ ಸಣ್ಣ ಸಣ್ಣ ಗೀರು. ಮರುದಿನ ರೊಟ್ಟಿ ಮುರಿಯಾಕ ಬರಲಿಲ್ಲ ನಿಮಗ. ನಾ ಕೊಬ್ರಿ ಎಣ್ಣಿ ಹಚ್ಚಿದ್ನಿ.”

“ರಸ್ತಾದ ಕಡಿಕಲ್ಲಿನ ಮ್ಯಾಲ ಬಿದ್ದದ್ದಕ್ಕ ತರಚಿರಬೇಕು.”

“ಕಡಿ ತರಚಿದ್ದಕ್ಕೂ ಕಬ್ಬಿನ ರವದಿ ಕೊಯ್ದದ್ದಕ್ಕೂ ಫರಕ್ ಗೊತ್ತಾಗಂಗಿಲ್ಲೇನ್ರಿ ನನಗ? ನಾ ಕಬ್ಬಿನ ಹೊಲದಾಗ ಬೆಳದಾಕಿ.”

ನಾನು ಚೆಂಡು ಹಿಚುಕುವುದನ್ನು ನಿಲ್ಲಿಸಿದೆ.

ಈ ಭಾಗದಲ್ಲಿ ಸೈಕಲ್ ತುಳಿದು ಬೆಳೆದವರಿಗೆ ವಿವರಿಸಬೇಕಿಲ್ಲ, ಹೊರಗಿನವರಿಗೆ ಹೇಳಬೇಕು. ಹಂಗಾಮಿನಲ್ಲಿ ಕಬ್ಬಿನ ಗಾಡಿಗಳು ಏರಿನಲ್ಲಿ ಏದುಸಿರು ಬಿಡುತ್ತಾ ನಡಿಗೆಯ ವೇಗದಲ್ಲಿ ಹತ್ತುತ್ತವೆ. ಹಿಂದಿನ ಟ್ರೇಲರಿನಿಂದ ಕಬ್ಬಿನ ತುದಿಗಳು, ಅಲಗಿನಂಥ ಒಣ ಎಲೆ ಅಂದರೆ ರವದಿಯ ಸಮೇತ, ಜೋಲುತ್ತಿರುತ್ತವೆ. ಶಾಲೆಯ ಹುಡುಗರು ಒಂದು ಕೈ ಹ್ಯಾಂಡಲ್ ಮೇಲಿಟ್ಟು, ಇನ್ನೊಂದು ಕೈಯಿಂದ ಆ ತುದಿ ಹಿಡಿದು, ಪೆಡಲ್ ತುಳಿಯದೆ ಏರು ಹತ್ತುತ್ತಾರೆ. ನಾನೂ ಹುಡುಗನಾಗಿದ್ದಾಗ ಹತ್ತಿದ್ದೇನೆ. ತೂಕ ಇಳಿಸಿಕೊಳ್ಳಬೇಕೆಂದು ಡಾಕ್ಟರು ಹೇಳಿ ಮತ್ತೆ ಸೈಕಲ್ ಹಿಡಿದ ಮೇಲೆ, ನಡುವಯಸ್ಸಿನಲ್ಲಿ, ಕಾಲೇಜಿನ ಬ್ಯಾಗು ಹೆಗಲಿಗೇರಿಸಿಕೊಂಡು, ಮತ್ತೆ ಹಿಡಿಯತೊಡಗಿದ್ದೆ. ಹಿಂದೆ ಮುಂದೆ ವಿದ್ಯಾರ್ಥಿಗಳಿಲ್ಲ ಎಂದು ನೋಡಿಕೊಂಡು ಹಿಡಿಯುತ್ತಿದ್ದೆ. ಅದರಲ್ಲಿ ಒಂದು ಖುಷಿ ಇತ್ತು, ಸುಳ್ಳು ಹೇಳುವುದಿಲ್ಲ. ವ್ಯಾಯಾಮಕ್ಕೆಂದು ಸೈಕಲ್ ತುಳಿಯುವವನು ಏರಿನಲ್ಲಿ ಜೋತುಬೀಳುವುದು ಎಂಥ ತರ್ಕ ಎಂದು ಕೇಳಬೇಡಿ.

ಸೈಕಲ್ ಸವಾರನಿಗೆ ಒಂದು ಹಮ್ಮು ಇರುತ್ತದೆ. ನಾನು ಹೊಗೆ ಬಿಡುವುದಿಲ್ಲ, ಹಾರ್ನ್ ಬಾರಿಸುವುದಿಲ್ಲ, ನನ್ನಿಂದ ಯಾರೂ ಸಾಯುವುದಿಲ್ಲ, ಆದ್ದರಿಂದ ರಸ್ತೆಯ ನಿಯಮಗಳು ಇಂಜಿನ್ ಇದ್ದವರಿಗೆ. ಬಸ್ ಸ್ಟ್ಯಾಂಡಿನ ಹತ್ತಿರ ಸುತ್ತು ಹಾಕುವ ಬದಲು ದಿನವೂ ಎದುರು ದಿಕ್ಕಿನಲ್ಲಿ ನುಗ್ಗುತ್ತಿದ್ದೆ. ಹಿಂದಿನ ಕೆಂಪು ದೀಪ ಕೆಟ್ಟು ಎಷ್ಟೋ ಕಾಲವಾಗಿತ್ತು. ಕೈ ತೋರಿಸದೆ ತಿರುಗುತ್ತಿದ್ದೆ, ಹಿಂದಿನವರು ಬೈದರೆ ಅವರಿಗೆ ನಾಗರಿಕತೆ ಇಲ್ಲ ಎಂದುಕೊಳ್ಳುತ್ತಿದ್ದೆ. ಇಷ್ಟೆಲ್ಲ ಮಾಡುತ್ತಲೇ, ಕಬ್ಬಿನ ಗಾಡಿಗಳಿಗೆ ಹಿಂದೆ ದೀಪವಿಲ್ಲ, ಹೇರು ಮಿತಿ ಮೀರಿದೆ ಎಂದು ಪತ್ರಿಕೆಗೆ ಪತ್ರ ಬರೆದಿದ್ದೆ. ಬರೆದದ್ದು ಸುಳ್ಳಲ್ಲ. ಯಲ್ಲಪ್ಪನ ಟ್ರೇಲರಿಗೂ ದೀಪವಿರಲಿಲ್ಲವಂತೆ, ಹೇರೂ ಹೆಚ್ಚೇ ಇತ್ತಂತೆ. ಆದರೆ ಅವನ ತಪ್ಪುಗಳನ್ನು ಸೇರಿಸುತ್ತಾ ಹೋದರೆ ನನ್ನವು ಕಡಿಮೆಯಾಗುವುದಿಲ್ಲ.

“ಅವತ್ತs ಯಾಕ ಹೇಳಲಿಲ್ಲ?” ಎಂದು ಸುವರ್ಣಾಳನ್ನು ಕೇಳಿದೆ.

“ಆ ಮನಷ್ಯಾನ ಮುಂದ ನಿಮ್ಮ ಮರ್ಯಾದಿ ಯಾಕ ಕಳೀಲಿ ಅಂತ. ಆಮ್ಯಾಲ ನಿಮ್ಮ ತಲಿ ಕೊರಿಯೂ ಹೊತ್ತಿನ್ಯಾಗ ಮಲ್ಲೇಶಿ ಎಲ್ಲಿ ಹೋಗ್ಯಾನ ಅಂತ ಯಾರು ನೋಡ್ತಾರ್ರಿ?” ಕೈಯ ಹಿಟ್ಟು ತೊಳೆದುಕೊಂಡಳು. “ನಂದೂ ತಪ್ಪೈತಿ.”

ಆದರೂ ನನಗೆ ಖಾತ್ರಿಯಾಗಲಿಲ್ಲ. ಆ ಗೀರುಗಳು ಹಿಂದಿನ ದಿನದವೂ ಇರಬಹುದು. ಆ ಸಂಜೆ ಮಾತ್ರ ನಾನು ಸಭ್ಯನಾಗಿ ಎಡಬದಿಯಲ್ಲಿ ತುಳಿದು ಬರುತ್ತಿದ್ದಿರಬಹುದು, ಟ್ರೇಲರ್ ನಿಜವಾಗಿಯೂ ತಾಗಿರಬಹುದು. ಎಷ್ಟೋ ದಿನ ಈ ‘ಇರಬಹುದು’ಗಳ ಹಿಂದೆ ಅಡಗಿ ಕೂತಿದ್ದೆ. ಸಂಶಯ ಪಡುವುದು ಪ್ರಾಮಾಣಿಕರ ಲಕ್ಷಣ ಎಂದು ನಂಬಿದ್ದವನು ನಾನು. ಈಗ ಅದೇ ಸಂಶಯ ನನಗೆ ಅನುಕೂಲವಾಗಿತ್ತು. ಖಾತ್ರಿ ಇಲ್ಲದ್ದನ್ನು ಹೇಗೆ ಹೇಳಲಿ ಎಂದು ಕೇಳಿಕೊಳ್ಳುತ್ತಿದ್ದೆ. ಬಾಗಿಲಲ್ಲಿ ನಿಂತು ‘ತಾಗ್ತು’ ಎಂದಾಗ ಆ ಖಾತ್ರಿ ಎಲ್ಲಿಂದ ಬಂದಿತ್ತು?

ಕೊನೆಗೆ ಒಂದು ಮಾತು ಹೊಳೆಯಿತು. ಆ ಸಂಜೆಯ ಬಗ್ಗೆ ನಾನು ಸಾಕ್ಷಿ ಹೇಳಲಾರೆ. ಉಳಿದ ಸಂಜೆಗಳ ಬಗ್ಗೆ ಹೇಳಬಲ್ಲೆ.

ಸುವರ್ಣಾಳ ಜೊತೆ ಠಾಣೆಗೆ ಹೋದೆ. ಹೆಡ್ ಕಾನ್‌ಸ್ಟೇಬಲ್ ಕುರ್ಚಿ ಎಳೆದು ಕೊಟ್ಟರು. ಅಂಗಳದಲ್ಲಿ ಟ್ರ್ಯಾಕ್ಟರು ಇನ್ನೂ ನಿಂತಿತ್ತು. ಕಬ್ಬು ಇಳಿಸಿದ್ದರು. ನಾನು ಹೇಳುತ್ತಾ ಹೋದೆ. ಬಿದ್ದ ಗಳಿಗೆ ನೆನಪಿಲ್ಲ. ಹಂಗಾಮಿನಲ್ಲಿ ಆ ಏರಿನಲ್ಲಿ ದಿನವೂ ಟ್ರೇಲರಿನ ಕಬ್ಬು ಹಿಡಿಯುತ್ತಿದ್ದೆ. ಬಿದ್ದ ದಿನ ಅಂಗೈಯಲ್ಲಿ ರವದಿ ಕೊಯ್ದ ಗಾಯವಿತ್ತು, ಹೆಂಡತಿ ನೋಡಿದ್ದಾಳೆ. ಟ್ರ್ಯಾಕ್ಟರ್ ತಾಗಿತು ಎಂದು ಮೊದಲು ಹೇಳಿದವನು ನಾನು, ನೋಡದೆ ಹೇಳಿದ್ದೆ.

ಅವರು ಪೆನ್ನು ಕೆಳಗಿಟ್ಟರು. “ಸರ, ನೆನಪಿಲ್ಲ ಅಂತ ಬರೀಲ್ಯೋ, ಹಿಡದಿದ್ದೆ ಅಂತ ಬರೀಲ್ಯೋ? ಎರಡೂ ಬರದ್ರ ಸಾಹೇಬ್ರು ನನ್ನ ಬೈತಾರ.”

“ಎರಡೂ ಬರೀರಿ” ಎಂದೆ.

ಮಲ್ಲೇಶಿಗೆ ಸುದ್ದಿ ಮುಟ್ಟಿ ಫೋನ್ ಮಾಡಿದ. ಬೈಯಲಿಲ್ಲ. “ನಿನ್ನ ಸಂಬಂಧ ನಾ ಮಂದಿ ಮುಂದ ಸುಳ್ಳಗಾರ ಆದ್ನಿ ಅಣ್ಣಾ” ಎಂದಷ್ಟೇ ಹೇಳಿ ಇಟ್ಟ. ಅವನ ಮಾತೂ ನಿಜ. ಈಗ ಅವನು ಬಂದರೂ ಸುವರ್ಣಾಳ ಜೊತೆ ಮಾತಾಡಿ ಹೋಗುತ್ತಾನೆ. ಟ್ರ್ಯಾಕ್ಟರು ಆಮೇಲೆ ಬಿಡುಗಡೆಯಾಯಿತು, ಆದರೆ ಮಾಲೀಕ ಅದಕ್ಕೆ ಬೇರೆ ಡ್ರೈವರನ್ನು ಹಾಕಿದ. ಕೇಸು ಇನ್ನೂ ಪೂರ್ತಿ ಮುಗಿದಿಲ್ಲ. ಹೇಳಿಕೆ ಕೊಟ್ಟರೆ ಎಲ್ಲ ಮೊದಲಿನ ಹಾಗಾಗುತ್ತದೆ ಎಂದು ಒಳಗೊಳಗೆ ಎಣಿಸಿದ್ದೆ. ಹಾಗಾಗಲಿಲ್ಲ.

ಬಸ್ಸಿನಲ್ಲಿ ಕೂರಬಹುದು ಎಂದು ಡಾಕ್ಟರು ಒಪ್ಪಿದ ಮೇಲೆ ನಾನೂ ಸುವರ್ಣಾಳೂ ಸವದತ್ತಿಯಲ್ಲಿ ಬಸ್ಸು ಬದಲಿಸಿ, ರಾಮದುರ್ಗದ ಆಚೆ ಯಲ್ಲಪ್ಪನ ಊರಿಗೆ ಹೋದೆವು. ದಾರಿಯುದ್ದಕ್ಕೂ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಅವನು ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತ. ಮೊದಲು ನೋಡಿದ್ದು ನನ್ನ ತಲೆ.

“ಕುಂದರ್ರಿ ಸರ. ಹೆಂಗ ಅದೀರಿ?”

ಚೆನ್ನಾಗಿದ್ದೇನೆ ಎಂದೆ. ಜೋಡಿಸಿದ್ದ ಮಾತೆಲ್ಲ ಹೋಯಿತು. ನಾನು ಟ್ರೇಲರಿನ ಕಬ್ಬು ಹಿಡಿಯುತ್ತಿದ್ದದ್ದು, ಠಾಣೆಯಲ್ಲಿ ಹೇಳಿದ್ದು, ಎಲ್ಲವನ್ನೂ ಅಡ್ಡಾದಿಡ್ಡಿಯಾಗಿ ಹೇಳಿದೆ. ಅವನು ಹಗ್ಗದ ತುದಿ ನೋಡುತ್ತಾ ಕೇಳಿಸಿಕೊಂಡ. ಬೇರೊಬ್ಬರ ಗಾಡಿ ಹತ್ತಿದ್ದೀಯಾ ಎಂದು ಕೇಳಿದೆ. ಕರೆದಿದ್ದರು, ನಾಲ್ಕು ದಿನ ಹೋದೆ, ಬಿಟ್ಟೆ ಎಂದ.

“ಗಾಡಿ ಎಲ್ಲರೆ ಜಿಗದ್ರ ಸಾಕ್ರಿ, ಬ್ರೇಕ್ ಹಾಕ್ತಿದ್ನಿ. ಇಳದು ಹಿಂದಿನ ಟ್ರೇಲರ್‌ತನಾ ಹೋಗಿ ಕೆಳಗ ಬಗ್ಗಿ ನೋಡ್ತಿದ್ನಿ. ಮಂದಿ ಹಾರ್ನ್ ಹೊಡೀತಿದ್ರು.” ಹಗ್ಗವನ್ನು ಕಟ್ಟೆಯ ಮೇಲಿಟ್ಟ. “ಸರ, ಕೇಸಿಂದು ಏನರ ಆಗಲಿ. ನಾ ನಿಮಗ ಹಾಯಿಸೇನೋ ಇಲ್ಲೋ?”

“ಇಲ್ಲ.”

“ನೆನಪೈತೇನ್ರಿ ನಿಮಗ?”

“ನೆನಪಿಲ್ಲ. ಆದ್ರ ನಾ ನಿನ್ನ ಟ್ರೇಲರಿಗೆ ಜೋತು ಬಿದ್ದವ. ನೀ ಮುಂದ, ನಾ ಹಿಂದ. ಮುಂದ ಹೋಗೂ ಗಾಡಿ ಹಿಂದಿನವಗ ಹಿಂದಿಂದ ಹೆಂಗ ಹಾಯತೈತಿ?”

ಅವನು ಎರಡು ಅಂಗೈಗಳನ್ನು ಒಂದರ ಹಿಂದೊಂದು ಇಟ್ಟು ನೋಡಿದ. ಮುಂದಿನ ಕೈಯನ್ನು ಸ್ವಲ್ಪ ಸರಿಸಿದ. ಮತ್ತೊಮ್ಮೆ ಸರಿಸಿದ. ಆಮೇಲೆ ಮನೆಯ ಒಳಗಡೆ ತಿರುಗಿ, “ಕೇಳಿದೇನ? ನಾ ಹಾಯಿಸಿಲ್ಲಂತ” ಎಂದ.

ಅವನ ಹೆಂಡತಿ ಹೊರಗೆ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಗಂಡನ ಕಡೆ ನೋಡಲಿಲ್ಲ. ನನ್ನನ್ನೇ ನೋಡುತ್ತಾ ಕೇಳಿದಳು.

“ಇದನ್ನ ಅವತ್ತs ಯಾಕ ಹೇಳಲಿಲ್ರಿ?”

ಸುವರ್ಣಾ ಏನೋ ಹೇಳಲು ಬಾಯಿ ತೆರೆದಳು. ನಾನು ಕೈ ಅಡ್ಡ ಮಾಡಿದೆ.

“ನಾಚಿಕಿ ಆತು ತಂಗಿ” ಎಂದೆ. “ಅದೊಂದು ಪಕ್ಕಾ ನೆನಪೈತಿ.”

ಅವಳು ಒಳಗೆ ಹೋದಳು. ಎಷ್ಟೋ ಹೊತ್ತಿನ ಮೇಲೆ ಒಳಗಿನಿಂದಲೇ, ಚಾಕ್ಕ ಸಕ್ರಿ ಹಾಕಬೇಕೋ ಬ್ಯಾಡೋ ಎಂದು ಕೇಳಿದಳು.